ಕುಬ್ಜ ಹ್ಯಾಕ್‌ಬೆರಿಯ ನಾಮನಿರ್ಣಯ: ಒಂದು ಐತಿಹಾಸಿಕ ಪರಿಶೀಲನೆ

೧

ಸಸ್ಯಗಳನ್ನು ಗುರುತಿಸಿ ಹೆಸರಿಡುವುದು ಸಸ್ಯಶಾಸ್ತ್ರಜ್ಞರ ಕಾರ್ಯ. ಅದರಲ್ಲಿ ಇತಿಹಾಸದ ಅಭ್ಯಾಸಿಗೆ ಏನು ಕೆಲಸವೆಂಬ ಪ್ರಶ್ನೆ ಸಹಜವಾದುದು. ಆದರೆ ಒಂದು ಗಿಡಕ್ಕೆ ಮೊದಲು ಹೆಸರಿಟ್ಟವರು ಯಾರು, ಯಾವ ವರ್ಷದಲ್ಲಿ ಇಟ್ಟರು, ಯಾವ ಮಾದರಿಯನ್ನು ಮುಂದಿಟ್ಟುಕೊಂಡು ವರ್ಣಿಸಿದರು, ಆ ಹೆಸರನ್ನು ಮುಂದಿನವರು ಯಾವ ಅರ್ಥದಲ್ಲಿ ಬಳಸಿದರು ಎಂಬ ಪ್ರಶ್ನೆಗಳು ಎದ್ದಾಗ ಸಸ್ಯಶಾಸ್ತ್ರಜ್ಞನೂ ಇತಿಹಾಸಕಾರನ ಹಾದಿಯನ್ನೇ ಹಿಡಿಯಬೇಕಾಗುತ್ತದೆ. ಶಾಸನವೊಂದರ ಪ್ರಕಟಿತ ಪಾಠದಲ್ಲಿ ಸಂದೇಹ ಬಂದರೆ ನಾವು ಮೂಲ ಕಲ್ಲಿನ ಬಳಿಗೆ, ಅದು ದೊರೆಯದಿದ್ದರೆ ಅದರ ಮಸಿಯಚ್ಚಿನ ಬಳಿಗೆ ಹೋಗುತ್ತೇವೆ. ಸಸ್ಯನಾಮದಲ್ಲಿ ಸಂದೇಹ ಬಂದವರು ಹರ್ಬೇರಿಯಮ್ಮಿನಲ್ಲಿ ಕಾಗದಕ್ಕೆ ಅಂಟಿಸಿಟ್ಟಿರುವ ಒಣ ರೆಂಬೆಯ ಬಳಿಗೆ ಹೋಗುತ್ತಾರೆ. ಎರಡು ಕಡೆಯಲ್ಲಿಯೂ ವಿಚಾರದ ಕ್ರಮ ಒಂದೇ.

ಈ ಮಾತಿಗೆ ನಿದರ್ಶನವಾಗಿ ಉತ್ತರ ಅಮೆರಿಕದ ಒಂದು ಸಣ್ಣ ದೇಶೀಯ ಮರದ ಹೆಸರಿನ ಚರಿತ್ರೆಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಇಂಗ್ಲಿಷಿನಲ್ಲಿ ಇದನ್ನು ಡ್ವಾರ್ಫ್ ಹ್ಯಾಕ್‌ಬೆರಿ, ಎಂದರೆ ಕುಬ್ಜ ಹ್ಯಾಕ್‌ಬೆರಿ, ಎಂದು ಕರೆಯುತ್ತಾರೆ. ಇಂದು ಅಂಗೀಕೃತವಾಗಿರುವ ಶಾಸ್ತ್ರೀಯ ನಾಮ ಸೆಲ್ಟಿಸ್ ಟೆನ್ಯುಯಿಫೋಲಿಯ. ಜಾರ್ಜಿಯ, ವರ್ಜೀನಿಯ, ಮಿಸೌರಿ, ಇಂಡಿಯಾನ ಮೊದಲಾದ ಸಂಸ್ಥಾನಗಳಲ್ಲಿ ಒಣ ಗುಡ್ಡಗಳ ಮೇಲೆಯೂ ಸುಣ್ಣಕಲ್ಲಿನ ನೆಲದಲ್ಲಿಯೂ ಇದು ಬೆಳೆಯುತ್ತದೆ. ಉತ್ತರದಲ್ಲಿ ಇದರ ಎಲ್ಲೆ ಮಿಷಿಗನ್ ಮತ್ತು ಕೆನಡಾದ ದಕ್ಷಿಣ ಒಂಟೇರಿಯೊ ಪ್ರಾಂತಗಳು. ಪೊದೆಯಾಗಿಯೋ ಸಣ್ಣ ಮರವಾಗಿಯೋ ಇರುವ ಈ ಸಸ್ಯ ಸಾಮಾನ್ಯವಾಗಿ ೮ ಮೀಟರನ್ನು ಮೀರುವುದಿಲ್ಲ. ಇದರ ನೆರೆಯಲ್ಲಿಯೇ ಬೆಳೆಯುವ ಇದೇ ಜಾತಿಯ ಇನ್ನೊಂದು ಮರ, ಸೆಲ್ಟಿಸ್ ಆಕ್ಸಿಡೆಂಟಾಲಿಸ್ ಎಂಬುದು, ಒಳ್ಳೆಯ ನೆಲ ಸಿಕ್ಕಿದರೆ ೩೦ ಮೀಟರಿನಷ್ಟು ಎತ್ತರಕ್ಕೂ ಏರಬಲ್ಲದು. ಆದರೆ ಬಡ ನೆಲದಲ್ಲಿ, ಬಂಡೆಯ ಸಂದಿನಲ್ಲಿ ಬೇರೂರಿದರೆ ಅದೂ ಗಿಡ್ಡಾಗಿ ಪೊದೆಯಂತೆ ನಿಲ್ಲುತ್ತದೆ. ಹೀಗಿರುವಾಗ ಗಿಡ್ಡತನವು ಸಸ್ಯದ ಸ್ವಭಾವವೋ ನೆಲದ ಪ್ರಭಾವವೋ ಎಂಬುದೇ ಮೂಲ ಪ್ರಶ್ನೆ. ಈ ಪ್ರಶ್ನೆಗೆ ನಿಲುವು ಕಂಡುಕೊಳ್ಳಲು ವಿದ್ವಾಂಸರಿಗೆ ಒಂದೂವರೆ ಶತಮಾನದಷ್ಟು ಕಾಲ ಹಿಡಿಯಿತು.

೨

ಮೊದಲು ಜಾತಿಯ ಹೆಸರನ್ನು ನೋಡೋಣ. ಇಲ್ಲಿ ‘ಜಾತಿ’ ಎಂಬುದನ್ನು ಪ್ರಭೇದಗಳ ಗುಂಪು ಎಂಬ ಶಾಸ್ತ್ರೀಯ ಅರ್ಥದಲ್ಲಿ ಬಳಸಲಾಗಿದೆ. ಕ್ರಿ. ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ಪ್ರಕೃತಿಚರಿತ್ರೆಯಲ್ಲಿ ಆಫ್ರಿಕದ ‘ಲೋಟಸ್’ ಮರವನ್ನು ಹೇಳುತ್ತ, ಅದಕ್ಕೆ ‘ಸೆಲ್ಟಿಸ್’ ಎಂಬ ಹೆಸರೂ ಉಂಟೆಂದು ತಿಳಿಸಿದ್ದಾನೆ. ಈ ಲೋಟಸ್ಸಿಗೂ ನಮ್ಮ ಕೊಳಗಳ ತಾವರೆಗೂ ಸಂಬಂಧವಿಲ್ಲ. ಅದು ಸಿಹಿ ಹಣ್ಣಿನ ಮರ. ಫ್ರಾನ್ಸಿನ ತೂರ್ನ್‌ಫೋರ್ ಈ ಪ್ರಾಚೀನ ಪದವನ್ನು ಜಾತಿನಾಮವಾಗಿ ಸ್ವೀಕರಿಸಿದನು. ಸ್ವೀಡನ್ನಿನ ಲಿನೀಯಸ್ ೧೭೫೩ರಲ್ಲಿ ಪ್ರಕಟವಾದ ತನ್ನ ಸಸ್ಯಪ್ರಭೇದಗಳ ಮಹಾಗ್ರಂಥದಲ್ಲಿ ಅದನ್ನು ಸ್ಥಿರಪಡಿಸಿದನು. ಈ ಗ್ರಂಥವೇ ಇಂದಿಗೂ ಸಸ್ಯನಾಮಗಳಿಗೆ ಕಾನೂನಿನ ಆರಂಭಬಿಂದು. ಇದಕ್ಕೆ ಹಿಂದಿನ ಹೆಸರುಗಳಿಗೆ ಪ್ರಾಥಮ್ಯದ ಹಕ್ಕಿಲ್ಲ.

ಲಿನೀಯಸ್ ಈ ಜಾತಿಯಲ್ಲಿ ಮೂರು ಪ್ರಭೇದಗಳನ್ನು ಎಣಿಸಿದನು. ದಕ್ಷಿಣ ಯೂರೋಪಿನದು ಆಸ್ಟ್ರಾಲಿಸ್. ವರ್ಜೀನಿಯದಿಂದ ಬಂದದ್ದು ಆಕ್ಸಿಡೆಂಟಾಲಿಸ್, ಎಂದರೆ ಪಶ್ಚಿಮದ್ದು. ಭಾರತದ್ದು ಓರಿಯೆಂಟಾಲಿಸ್, ಎಂದರೆ ಪೂರ್ವದ್ದು. ಮೂರನೆಯದು ಈ ಜಾತಿಯಲ್ಲಿ ಬಹುಕಾಲ ನಿಲ್ಲಲಿಲ್ಲ. ಡಚ್ ವಿದ್ವಾಂಸ ಬ್ಲೂಮ್ ೧೮೫೬ರಲ್ಲಿ ಅದನ್ನು ಟ್ರೀಮ ಎಂಬ ಜಾತಿಗೆ ವರ್ಗಾಯಿಸಿದನು. ನಮ್ಮ ಮಲೆನಾಡಿನಲ್ಲಿ ಕಾಡು ಕಡಿದ ಬಯಲುಗಳಲ್ಲಿ ಬೇಗನೆ ಮೇಲೆದ್ದು ಬೆಳೆಯುವ ಟ್ರೀಮ ಓರಿಯೆಂಟಾಲಿಸ್ ಎಂಬ ಮರ ಇದೇ. ನಿಜವಾದ ಸೆಲ್ಟಿಸ್ ಜಾತಿಯೂ ನಮಗೆ ಅಪರಿಚಿತವಲ್ಲ. ರಾಕ್ಸ್‌ಬರ್ಗ್ ಹೆಸರಿಸಿದ ಸೆಲ್ಟಿಸ್ ಟೆಟ್ರಾಂಡ್ರ ಪಶ್ಚಿಮ ಘಟ್ಟಗಳ ಕಾಡುಗಳಲ್ಲಿಯೂ ಇದೆ.

ಜನಬಳಕೆಯ ಹೆಸರಿನ ಕಥೆಯೂ ಇಂಥದ್ದೇ. ‘ಹ್ಯಾಕ್‌ಬೆರಿ’ ಎಂಬುದು ಬ್ರಿಟನ್ನಿನ ಉತ್ತರ ಭಾಗದ ‘ಹ್ಯಾಗ್‌ಬೆರಿ’ ಎಂಬ ಪದದ ರೂಪಾಂತರ. ಅದರ ಬೇರು ಪ್ರಾಚೀನ ನಾರ್ಸ್ ಭಾಷೆಯಲ್ಲಿದೆ. ಅಲ್ಲಿ ಅದು ಒಂದು ಬಗೆಯ ಕಾಡುಚೆರಿಯ ಹೆಸರು. ಅಮೆರಿಕಕ್ಕೆ ವಲಸೆ ಹೋದವರು ಹೊಸ ನಾಡಿನಲ್ಲಿ ಕಂಡ ಬೇರೊಂದು ಮರದ ಸಣ್ಣ ಹಣ್ಣುಗಳಿಗೆ ತಮ್ಮ ಹಳೆಯ ನಾಡಿನ ಹೆಸರನ್ನೇ ಕೊಟ್ಟರು. ಆದಕಾರಣ ಜನಬಳಕೆಯ ಹೆಸರೊಂದನ್ನೇ ನಂಬಿ ಸಸ್ಯವನ್ನು ಗುರುತಿಸುವುದು ಅಪಾಯಕರ.

೩

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಈ ಸಣ್ಣ ಮರದ ಹೆಸರಿನ ವಿವಾದದಲ್ಲಿ ಇಬ್ಬರು ಪ್ರಮುಖರು. ಒಬ್ಬನು ಜರ್ಮನಿಯ ಸ್ಯಾಕ್ಸನಿಯಲ್ಲಿ ಹುಟ್ಟಿ ೧೭೯೯ರಲ್ಲಿ ಅಮೆರಿಕಕ್ಕೆ ಬಂದ ಫ್ರೆಡರಿಕ್ ಪುರ್ಶ್. ಇನ್ನೊಬ್ಬನು ಇಂಗ್ಲೆಂಡಿನಲ್ಲಿ ಮುದ್ರಣದ ಕಸುಬು ಕಲಿತು ೧೮೦೮ರಲ್ಲಿ ಫಿಲಡೆಲ್ಫಿಯಕ್ಕೆ ಬಂದ ಥಾಮಸ್ ನಟಾಲ್. ಇಬ್ಬರಿಗೂ ಬೇರೆ ಬೇರೆ ಕಾಲದಲ್ಲಿ ಆಶ್ರಯ ಕೊಟ್ಟವನು ಫಿಲಡೆಲ್ಫಿಯದ ಬೆಂಜಮಿನ್ ಸ್ಮಿತ್ ಬಾರ್ಟನ್. ಪುರ್ಶನು ಮುಂದೆ ಲಂಡನ್ನಿಗೆ ಹೋಗಿ, ಲ್ಯಾಂಬರ್ಟ್ ಎಂಬ ಶ್ರೀಮಂತ ಸಸ್ಯಪ್ರೇಮಿಯ ಬಳಿ ಕುಳಿತು ಉತ್ತರ ಅಮೆರಿಕದ ಸಸ್ಯಗಳನ್ನು ಕುರಿತ ದೊಡ್ಡ ಗ್ರಂಥವನ್ನು ಬರೆದನು. ಅದರ ಮುಖಪುಟದಲ್ಲಿ ೧೮೧೪ ಎಂದು ಅಚ್ಚಾಗಿದ್ದರೂ ಪುಸ್ತಕ ೧೮೧೩ರ ಡಿಸೆಂಬರಿನಲ್ಲಿಯೇ ಹೊರಬಂದಿತ್ತು. ಮುಖಪುಟದ ವರ್ಷವೇ ಪ್ರಕಟಣೆಯ ವರ್ಷವೆಂದು ನಂಬಬಾರದೆಂಬುದಕ್ಕೆ ಇದೊಂದು ಉದಾಹರಣೆ. ಪ್ರಾಥಮ್ಯವೇ ನಿರ್ಣಾಯಕವಾಗಿರುವ ಶಾಸ್ತ್ರದಲ್ಲಿ ಕೆಲವು ವಾರಗಳ ಅಂತರಕ್ಕೂ ಬೆಲೆಯುಂಟು. ಮಿಸೌರಿ ನದಿಯ ಪ್ರದೇಶದಲ್ಲಿ ತಾನು ಕಷ್ಟಪಟ್ಟು ಸಂಗ್ರಹಿಸಿದ ಸಸ್ಯಗಳನ್ನು ಪುರ್ಶನು ತನಗಿಂತ ಮೊದಲೇ ವರ್ಣಿಸಿಬಿಟ್ಟನೆಂಬ ಅಸಮಾಧಾನ ನಟಾಲನಿಗೆ ಇತ್ತು.

ಪುರ್ಶನು ತನ್ನ ಗ್ರಂಥದಲ್ಲಿ ಗಿಡ್ಡ ಹ್ಯಾಕ್‌ಬೆರಿಯೊಂದನ್ನು ಸೆಲ್ಟಿಸ್ ಪ್ಯುಮಿಲ ಎಂದು ಕರೆದನು. ಪ್ಯುಮಿಲ ಎಂದರೆ ಕುಬ್ಜ. ನಟಾಲನು ೧೮೧೮ರಲ್ಲಿ ಫಿಲಡೆಲ್ಫಿಯದಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ ಉತ್ತರ ಅಮೆರಿಕದ ಸಸ್ಯಜಾತಿಗಳ ಗ್ರಂಥದಲ್ಲಿ ಸೆಲ್ಟಿಸ್ ಟೆನ್ಯುಯಿಫೋಲಿಯ ಎಂಬ ಪ್ರಭೇದವನ್ನು ಹೇಳಿದನು. ಈ ಪದಕ್ಕೆ ತೆಳುವಾದ ಎಲೆಯುಳ್ಳದ್ದು ಎಂದರ್ಥ. ಹೀಗೆ ಐದು ವರ್ಷಗಳೊಳಗೆ ಎರಡು ಹೆಸರುಗಳು ಹುಟ್ಟಿದವು. ಎರಡೂ ಒಂದೇ ಸಸ್ಯದ ಹೆಸರುಗಳಾದರೆ ಹಿಂದಿನದಾದ ಪ್ಯುಮಿಲವೇ ಊರ್ಜಿತ. ಪುರ್ಶನ ಗಿಡ ಬೇರೆ, ನಟಾಲನ ಗಿಡ ಬೇರೆ ಎಂದಾದರೆ ಎರಡನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿಚಾರಣೆ ಸರಿಯಾಗಿ ನಡೆಯಲಿಲ್ಲ. ಹಾರ್ವರ್ಡಿನ ಏಸಾ ಗ್ರೇ ಪ್ಯುಮಿಲವನ್ನು ಆಕ್ಸಿಡೆಂಟಾಲಿಸ್ ಪ್ರಭೇದದ ಒಂದು ಉಪಭೇದವೆಂದು ಇಳಿಸಿದನು. ದೊಡ್ಡ ಮರದ ಗಿಡ್ಡ ರೂಪ ಅದೆಂಬುದು ಇದರ ತಾತ್ಪರ್ಯ. ೧೮೯೭ರಲ್ಲಿ ನ್ಯೂಯಾರ್ಕಿನ ಜಾನ್ ಕುಂಕೆಲ್ ಸ್ಮಾಲ್ ದಕ್ಷಿಣದ ಸಣ್ಣ ಮರವನ್ನು ಸೆಲ್ಟಿಸ್ ಜಾರ್ಜಿಯಾನ ಎಂದು ಹೊಸದಾಗಿ ಹೆಸರಿಸಿದನು. ಬಾಸ್ಟನ್ನಿನ ಅರ್ನಾಲ್ಡ್ ವೃಕ್ಷೋದ್ಯಾನದ ಮೊದಲ ನಿರ್ದೇಶಕನೂ ಹದಿನಾಲ್ಕು ಸಂಪುಟಗಳ ವೃಕ್ಷಗ್ರಂಥದ ಕರ್ತೃವೂ ಆದ ಚಾರ್ಲ್ಸ್ ಸಾರ್ಜೆಂಟ್ ಪುರ್ಶನ ಹೆಸರನ್ನೇ ಎತ್ತಿಹಿಡಿದು, ಸ್ಮಾಲನ ಜಾರ್ಜಿಯಾನವನ್ನು ಪ್ಯುಮಿಲದ ಉಪಭೇದವನ್ನಾಗಿ ಮಾಡಿದನು. ಇಂಡಿಯಾನದ ಅರಣ್ಯಾಧಿಕಾರಿ ಚಾರ್ಲ್ಸ್ ಡೀಮನ ಹೆಸರಿನಲ್ಲಿ ಇನ್ನೊಂದು ಉಪಭೇದವನ್ನೂ ಸೇರಿಸಿದನು. ಇಷ್ಟು ಹೆಸರುಗಳು ಬೆಳೆದರೂ ಪುರ್ಶನು ಮತ್ತು ನಟಾಲನು ಕಂಡ ಗಿಡಗಳು ಯಾವುವೆಂಬ ಪ್ರಶ್ನೆ ಇತ್ಯರ್ಥವಾಗಿರಲಿಲ್ಲ.

ಆ ಕಾಲದ ಮೂಲಮಾದರಿಗಳು ಅಮೆರಿಕದಿಂದ ದೂರವಾಗಿದ್ದುದು ಈ ತೊಡಕಿಗೆ ಒಂದು ಕಾರಣ. ಲ್ಯಾಂಬರ್ಟನು ೧೮೪೨ರಲ್ಲಿ ತೀರಿಕೊಂಡ ಬಳಿಕ ಅವನ ಸಸ್ಯಸಂಗ್ರಹ ಹರಾಜಾಗಿ ಹಲವರ ಕೈಸೇರಿತು. ನಟಾಲನ ಸಂಗ್ರಹದ ಒಂದು ಭಾಗ ಲಂಡನ್ನಿನಲ್ಲಿ ಉಳಿಯಿತು. ಗ್ರಂಥದ ನಾಲ್ಕಾರು ಸಾಲುಗಳ ಲ್ಯಾಟಿನ್ ವರ್ಣನೆಯನ್ನು ಮಾತ್ರ ಆಧರಿಸಿ ಅಮೆರಿಕದ ವಿದ್ವಾಂಸರು ಊಹೆ ನಡೆಸಬೇಕಾಗಿತ್ತು. ಕೊನೆಗೆ ಫರ್ನಾಲ್ಡ್ ಮತ್ತು ಶೂಬರ್ಟ್ ಎಂಬಿಬ್ಬರು ಬ್ರಿಟನ್ನಿನ ಹರ್ಬೇರಿಯಮ್ಮುಗಳಲ್ಲಿರುವ ಅಮೆರಿಕನ್ ಮೂಲಮಾದರಿಗಳನ್ನು ಪರಿಶೀಲಿಸಿ, ತಮ್ಮ ಫಲಿತಾಂಶಗಳನ್ನು ೧೯೪೮ರಲ್ಲಿ ‘ರೊಡೋರ’ ಎಂಬ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಅಲ್ಲಿ ಸ್ಮಾಲನ ಜಾರ್ಜಿಯಾನವನ್ನು ಟೆನ್ಯುಯಿಫೋಲಿಯದ ಉಪಭೇದವಾಗಿ ಇಟ್ಟರು; ಎಂದರೆ ಸಣ್ಣ ಮರಕ್ಕೆ ಸಲ್ಲುವ ಹೆಸರು ನಟಾಲನದೆಂದು ಒಪ್ಪಿದರು. ಪ್ಯುಮಿಲ ಎಂಬುದು ಕ್ರಮೇಣ ಆಕ್ಸಿಡೆಂಟಾಲಿಸಿನ ಪರ್ಯಾಯನಾಮವಾಗಿ ಉಳಿಯಿತು. ಹೆಸರಿಗೆ ‘ಕುಬ್ಜ’ ಎಂಬ ಅರ್ಥವಿದ್ದರೂ ಅದು ದೊಡ್ಡ ಮರಕ್ಕೇ ಸೇರಿತು. ನಿಜವಾದ ಕುಬ್ಜಕ್ಕೆ ‘ತೆಳು ಎಲೆಯದು’ ಎಂಬ ಹೆಸರು ನಿಂತಿತು. ಬಿಸಿಲಿನಲ್ಲಿ ಬೆಳೆದ ಎಲೆ ಅಷ್ಟೇನೂ ತೆಳುವಾಗಿರುವುದಿಲ್ಲ. ಆದರೂ ಅರ್ಥ ಒಪ್ಪುವುದಿಲ್ಲವೆಂಬ ಕಾರಣದಿಂದ ಊರ್ಜಿತವಾದ ಹೆಸರನ್ನು ಬಿಡಲು ಸಸ್ಯನಾಮದ ನಿಯಮಗಳಲ್ಲಿ ಅವಕಾಶವಿಲ್ಲ.

ಇಷ್ಟಕ್ಕೇ ವಿವಾದ ಮುಗಿಯಲಿಲ್ಲ. ೧೯೬೪ರಲ್ಲಿ ಏಲ್ಸ್ ಎಂಬ ವಿದ್ವಾಂಸನು ಜಾರ್ಜಿಯಾನವನ್ನು ಮತ್ತೆ ಆಕ್ಸಿಡೆಂಟಾಲಿಸಿನ ಉಪಭೇದವೆಂದನು. ೧೯೭೪ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ವಾರನ್ ವ್ಯಾಗ್ನರ್ ಮಹಾ ಸರೋವರಗಳ ಪ್ರದೇಶದ ಕುಬ್ಜ ಹ್ಯಾಕ್‌ಬೆರಿಯನ್ನು ಕುರಿತು ವಿಸ್ತಾರವಾದ ಲೇಖನವನ್ನು ಪ್ರಕಟಿಸಿದನು. ೧೯೯೭ರಲ್ಲಿ ಹೊರಬಂದ ಉತ್ತರ ಅಮೆರಿಕದ ಸಸ್ಯಕೋಶದ ಮೂರನೆಯ ಸಂಪುಟ ಟೆನ್ಯುಯಿಫೋಲಿಯವನ್ನು ಪ್ರತ್ಯೇಕ ಪ್ರಭೇದವೆಂದು ಅಂಗೀಕರಿಸಿದೆ.

೪

ಹೆಸರಿನ ವಾದಗಳು ಏನೇ ಇರಲಿ, ಕಾಡಿನಲ್ಲಿ ನಿಂತವನು ಈ ಮರವನ್ನು ಗುರುತಿಸುವುದು ಹೇಗೆ? ಮೊದಲು ಜಾತಿಯ ಲಕ್ಷಣಗಳು. ಸೆಲ್ಟಿಸ್ ಎಲೆಯ ಬುಡ ಎರಡು ಕಡೆಯೂ ಸಮವಾಗಿರದೆ ಒಂದು ಪಕ್ಕಕ್ಕೆ ವಾಲಿರುತ್ತದೆ. ಬುಡದಿಂದಲೇ ಮೂರು ಮುಖ್ಯ ನರಗಳು ಹೊರಡುತ್ತವೆ. ಹಣ್ಣು ದುಂಡಾದ ಸಣ್ಣ ಕಾಯಿ. ತೆಳುವಾದ ಸಿಹಿ ತಿರುಳಿನೊಳಗೆ ಒಂದೇ ಗಟ್ಟಿ ವಾಟೆ. ತೊಗಟೆಯ ಮೇಲೆ ಬೆಂಡಿನಂಥ ಗಂಟುಗಳೂ ದಿಂಡುಗಳೂ ಏಳುತ್ತವೆ. ಅಮೆರಿಕದಲ್ಲಿ ಕೀಟಗಳೂ ಸಾಕ್ಷಿ ಹೇಳುತ್ತವೆ. ಪ್ಯಾಕಿಸಿಲ್ಲ ಎಂಬ ಸಣ್ಣ ಕೀಟಜಾತಿ ಹ್ಯಾಕ್‌ಬೆರಿಯ ಎಲೆಗಳ ಮೇಲೆಯೇ ಗಂಟು ಎಬ್ಬಿಸುತ್ತದೆ. ‘ಹ್ಯಾಕ್‌ಬೆರಿ ಎಂಪರರ್’ ಎಂಬ ಚಿಟ್ಟೆಯ ಮರಿಹುಳುಗಳಿಗೆ ಈ ಜಾತಿಯ ಎಲೆಗಳೇ ಆಹಾರ.

ಪ್ರಭೇದವನ್ನು ಬೇರ್ಪಡಿಸುವುದು ಇದಕ್ಕಿಂತ ಕಷ್ಟ. ದೊಡ್ಡ ಮರವಾದ ಆಕ್ಸಿಡೆಂಟಾಲಿಸಿನ ಎಲೆ ೫ರಿಂದ ೧೨ ಸೆಂಟಿಮೀಟರ್ ಉದ್ದ. ಅಂಚಿನಲ್ಲಿ ಹಲ್ಲುಗಳು ಅರ್ಧಕ್ಕಿಂತ ಕೆಳಗಿನವರೆಗೂ ಸಾಲಾಗಿ ಇಳಿದಿರುತ್ತವೆ. ಕುಬ್ಜದ ಎಲೆ ಸಾಮಾನ್ಯವಾಗಿ ೫ರಿಂದ ೮ ಸೆಂಟಿಮೀಟರ್ ಉದ್ದ, ೩ರಿಂದ ೪ ಸೆಂಟಿಮೀಟರ್ ಅಗಲ. ಅಂಚಿನಲ್ಲಿ ಹಲ್ಲುಗಳೇ ಇರುವುದಿಲ್ಲ, ಇದ್ದರೂ ಕೆಲವೇ. ದಕ್ಷಿಣದ ಮತ್ತೊಂದು ಪ್ರಭೇದವಾದ ಲೀವಿಗೇಟದ ಎಲೆಗೂ ಹಲ್ಲುಗಳು ಕಡಮೆ. ಆದರೆ ಆ ಎಲೆ ಕಿರಿದಾಗಿ ಉದ್ದಕ್ಕೆ ಚೂಪಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಲೆಯ ಆಕಾರ ಬಿಸಿಲು ನೆರಳುಗಳಿಗೆ ತಕ್ಕಂತೆ ಬದಲಾಗುತ್ತದೆ. ಬುಡದಿಂದ ಚಿಗುರಿದ ಹೊಸ ಕೊಂಬೆಯ ಎಲೆ ಹಣ್ಣು ಬಿಟ್ಟ ರೆಂಬೆಯ ಎಲೆಯಂತಿರುವುದಿಲ್ಲ. ಆದ್ದರಿಂದ ಹಣ್ಣು ಬಿಟ್ಟ ರೆಂಬೆಯನ್ನು ನೋಡದೆ ತೀರ್ಮಾನಿಸಬಾರದು.

ಹಣ್ಣಿನಲ್ಲಿ ವ್ಯತ್ಯಾಸ ಹೆಚ್ಚು ಸ್ಥಿರ. ದೊಡ್ಡ ಮರದ ಹಣ್ಣು ಸಾಮಾನ್ಯವಾಗಿ ೭ರಿಂದ ೧೧ ಮಿಲಿಮೀಟರ್ ದಪ್ಪ. ಮಾಗಿದಾಗ ಕಡುನೇರಳೆಯ ಬಣ್ಣಕ್ಕೆ ತಿರುಗುತ್ತದೆ. ಅದರ ತೊಟ್ಟು ಎಲೆಯ ತೊಟ್ಟಿಗಿಂತ ಉದ್ದ. ಕುಬ್ಜದ ಹಣ್ಣು ೫ರಿಂದ ೮ ಮಿಲಿಮೀಟರ್, ಬಣ್ಣ ಕಿತ್ತಳೆ, ಕಂದು ಅಥವಾ ಕೆಂಪು, ತೊಟ್ಟು ಗಿಡ್ಡ. ವಾಟೆಗಳನ್ನು ಅಳೆದರೆ ದೊಡ್ಡದರದು ೭ರಿಂದ ೯ ಮಿಲಿಮೀಟರ್ ಉದ್ದ, ಕುಬ್ಜದ್ದು ೫ರಿಂದ ೭. ಬಂಡೆಯ ಮೇಲೆ ಗಿಡ್ಡಾಗಿ ಬೆಳೆದ ಆಕ್ಸಿಡೆಂಟಾಲಿಸ್ ಎತ್ತರದಲ್ಲಿ ಕುಬ್ಜವನ್ನು ಹೋಲಬಹುದು; ಎಲೆಯಲ್ಲಿಯೂ ಸ್ವಲ್ಪಮಟ್ಟಿಗೆ ಹೋಲಬಹುದು; ಹಣ್ಣು ಮತ್ತು ವಾಟೆಗಳಲ್ಲಿ ಅದು ತನ್ನ ಮೂಲಲಕ್ಷಣವನ್ನು ಉಳಿಸಿಕೊಂಡಿರುತ್ತದೆ. ‘ಗಿಡ್ಡ’ ಎಂಬುದೊಂದೇ ಪ್ರಮಾಣವಾಗಲಾರದೆಂಬುದು ಇದರಿಂದ ಸ್ಪಷ್ಟ.

ಈ ವಾಟೆಯ ವಿಷಯದಲ್ಲಿ ಇತಿಹಾಸದ ವಿದ್ಯಾರ್ಥಿಗೆ ಬೇರೊಂದು ಆಸಕ್ತಿಯೂ ಉಂಟು. ಸೆಲ್ಟಿಸ್ ವಾಟೆಯ ಗೋಡೆಯಲ್ಲಿ ಸುಣ್ಣದ ಖನಿಜ ತುಂಬಿರುವುದರಿಂದ ಅದು ಸುಟ್ಟು ಇದ್ದಲಾಗದಿದ್ದರೂ ಮಣ್ಣಿನಲ್ಲಿ ಸಾವಿರಾರು ವರ್ಷ ಕೆಡದೆ ಉಳಿಯುತ್ತದೆ. ಚೀನದ ಜೌಕೌಡಿಯನ್ ಗುಹೆಯಲ್ಲಿ, ‘ಪೆಕಿಂಗ್ ಮಾನವ’ನ ಅವಶೇಷಗಳಿದ್ದ ಸ್ತರಗಳಲ್ಲಿಯೇ, ಇಂಥ ವಾಟೆಗಳು ರಾಶಿಯಾಗಿ ದೊರೆತವು; ಅಮೆರಿಕದ ರಾಲ್ಫ್ ಚೇನಿ ಅವುಗಳನ್ನು ಕುರಿತು ೧೯೩೫ರಲ್ಲಿ ಬರೆದನು. ತುರ್ಕಿಯ ಚಾತಾಲ್‌ಹ್ಯುಯುಕ್ ಎಂಬ ನವಶಿಲಾಯುಗದ ನೆಲೆಯಲ್ಲಿಯೂ ಅವು ಹೇರಳವಾಗಿ ಸಿಕ್ಕಿವೆ. ಪ್ರಭೇದನಿರ್ಣಯಕ್ಕೆ ಒದಗುವ ಅದೇ ವಾಟೆ ಪ್ರಾಚೀನ ಮಾನವನ ನೆಲೆಗಳನ್ನು ಅಗೆಯುವವನಿಗೂ ಸಾಕ್ಷ್ಯವಾಗಿ ಒದಗುತ್ತದೆ.

೫

ಪ್ರಭೇದದ ಹೆಸರು ನೆಲೆಗೊಂಡ ಮೇಲೂ ಈ ಜಾತಿಯ ಕುಟುಂಬದ ವಿಷಯದಲ್ಲಿ ಒಮ್ಮತ ಬರುವುದಕ್ಕೆ ಇನ್ನಷ್ಟು ಕಾಲ ಹಿಡಿಯಿತು. ಕೇಸರಗಳ ಸಂಖ್ಯೆ ಮತ್ತು ಹೂವಿನ ಲಿಂಗಭೇದಗಳನ್ನು ಆಧರಿಸಿದ ಲಿನೀಯಸನ ಪದ್ಧತಿಯಲ್ಲಿ ಎಲ್ಮ್ ಮರ ಒಂದು ವರ್ಗಕ್ಕೂ, ಸೆಲ್ಟಿಸ್ ಇನ್ನೊಂದಕ್ಕೂ, ಗಾಂಜಾ ಮತ್ತು ಹಾಪ್ ಬಳ್ಳಿ ಮೂರನೆಯದಕ್ಕೂ ಸೇರಿದ್ದವು. ಮುಂದೆ ಸಹಜ ಸಂಬಂಧಗಳನ್ನು ಹುಡುಕಿದವರು ಎಲ್ಮ್ ಮತ್ತು ಸೆಲ್ಟಿಸ್‌ಗಳನ್ನು ಹತ್ತಿರ ತಂದರು. ಮಿರ್ಬೆಲ್ ೧೮೧೫ರಲ್ಲಿ ಅಲ್ಮೇಸೀ ಎಂಬ ಎಲ್ಮ್ ಕುಟುಂಬವನ್ನು ಸ್ಥಾಪಿಸಿದನು. ಮೋಂಪೆಲಿಯೆಯ ಪ್ಲಾಂಶೋಂ ೧೮೪೮ರ ಲೇಖನದಲ್ಲಿಯೂ ೧೮೭೩ರ ವಿಸ್ತೃತ ವರ್ಣನೆಯಲ್ಲಿಯೂ ಈ ಕುಟುಂಬವನ್ನು ಪರಿಷ್ಕರಿಸಿ, ಎಲ್ಮ್ ಪಂಗಡ ಮತ್ತು ಸೆಲ್ಟಿಸ್ ಪಂಗಡಗಳೆಂದು ಅದರಲ್ಲಿ ಎರಡು ಭಾಗ ಮಾಡಿದನು. ನಮ್ಮ ನಾಡಿನ ತಪಸಿ ಮರಕ್ಕೆ ಹೋಲಾಪ್ಟೀಲಿಯ ಎಂಬ ಜಾತಿನಾಮವನ್ನು ಕೊಟ್ಟವನೂ ಇವನೇ. ತಪಸಿಯ ಒಣಗಿದ ಚಪ್ಪಟೆ ರೆಕ್ಕೆಬೀಜ ಎಲ್ಮ್ ಪಂಗಡದ ಗುರುತು. ತಿರುಳು ಮತ್ತು ವಾಟೆಯುಳ್ಳ ಹಣ್ಣು ಸೆಲ್ಟಿಸ್ ಪಂಗಡದ ಗುರುತು.

ಬ್ರಿಟಿಷ್ ವಿದ್ವಾಂಸರಾದ ಬೆಂಥಮ್ ಮತ್ತು ಹೂಕರ್ ೧೮೮೦ರಲ್ಲಿ ಎಲ್ಮ್, ಸೆಲ್ಟಿಸ್, ಗಾಂಜಾ, ಆಲ, ತುರಚೆ ಇವೆಲ್ಲವನ್ನೂ ಅರ್ಟಿಕೇಸೀ ಎಂಬ ಒಂದೇ ದೊಡ್ಡ ಕುಟುಂಬದಲ್ಲಿ ಸೇರಿಸಿದರು. ಹೂಕರನ ಬ್ರಿಟಿಷ್ ಇಂಡಿಯದ ಸಸ್ಯಸಂಪುಟಗಳು ಈ ಕ್ರಮವನ್ನೇ ಅನುಸರಿಸಿದುದರಿಂದ ನಮ್ಮ ದೇಶದ ಸೆಲ್ಟಿಸ್‌ಗಳೂ ಅದೇ ಕುಟುಂಬದಲ್ಲಿ ದಾಖಲಾದವು. ಜರ್ಮನಿಯ ಎಂಗ್ಲರ್ ಮಾತ್ರ ಅಲ್ಮೇಸಿಯನ್ನು ಪ್ರತ್ಯೇಕವಾಗಿರಿಸಿ ಎರಡು ಉಪಕುಟುಂಬಗಳನ್ನು ಉಳಿಸಿದನು. ಇಪ್ಪತ್ತನೆಯ ಶತಮಾನದ ಬಹುಪಾಲು ಈ ವ್ಯವಸ್ಥೆಯೇ ಚಲಾವಣೆಯಲ್ಲಿತ್ತು.

ಆದರೆ ಸಂದೇಹದ ಬೀಜಗಳು ಇದರೊಳಗೇ ಇದ್ದವು. ಎಲ್ಮಿನ ಎಲೆಯಲ್ಲಿ ನಡುನರದಿಂದ ಪಕ್ಕದ ನರಗಳು ನೇರವಾಗಿ ಅಂಚಿಗೆ ಹೋಗುತ್ತವೆ. ಸೆಲ್ಟಿಸ್‌ನಲ್ಲಿ ಬುಡದಿಂದಲೇ ಮೂರು ನರಗಳು. ಎಲ್ಮಿನ ಬೀಜದ ಭ್ರೂಣ ನೆಟ್ಟಗೆ, ಸೆಲ್ಟಿಸ್‌ನದು ಬಾಗಿದ್ದು. ರಷ್ಯದ ವಿದುಷಿ ಗ್ರುಡ್ಜಿನ್‌ಸ್ಕಾಯ ೧೯೬೭ರಲ್ಲಿ ಇಂಥ ಭೇದಗಳನ್ನು ಮುಂದಿಟ್ಟು ಸೆಲ್ಟಿಡೇಸೀ ಎಂಬ ಬೇರೆ ಕುಟುಂಬವನ್ನು ಒಪ್ಪಬೇಕೆಂದು ವಾದಿಸಿದಳು. ೧೯೭೮ರಲ್ಲಿ ಜಿಯಾನಾಸಿ ಎಲೆಗಳಲ್ಲಿರುವ ಫ್ಲೇವನಾಯ್ಡ್ ಎಂಬ ರಾಸಾಯನಿಕಗಳನ್ನು ಪರೀಕ್ಷಿಸಿದಾಗಲೂ ಎರಡು ಗುಂಪುಗಳು ಬೇರೆಯಾಗಿಯೇ ಕಂಡವು. ೧೯೯೮ ಮತ್ತು ೨೦೦೨ರಲ್ಲಿ ಪ್ರಕಟವಾದ ಡಿ. ಎನ್. ಎ. ಸಂಶೋಧನೆಗಳು ಒಂದು ಹೆಜ್ಜೆ ಮುಂದೆ ಹೋದವು. ಸೆಲ್ಟಿಸ್ ಎಲ್ಮಿನಿಂದ ದೂರವೆಂಬುದಷ್ಟೇ ಅಲ್ಲ, ಗಾಂಜಾ ಮತ್ತು ಹಾಪ್‌ಗಳು ಸೆಲ್ಟಿಸ್ ಗುಂಪಿನ ಒಳಗಿನಿಂದಲೇ ಕವಲೊಡೆದವೆಂಬುದೂ ಅವುಗಳಿಂದ ತಿಳಿದುಬಂದಿತು. ಇವೆಲ್ಲವನ್ನೂ ಒಂದೇ ಕುಟುಂಬವಾಗಿ ಮಾಡಿದಾಗ, ೧೮೨೦ರಲ್ಲಿ ರಷ್ಯದ ಮಾರ್ಟಿನೋಫ್ ಕೊಟ್ಟಿದ್ದ ಕ್ಯಾನಬೇಸೀ ಎಂಬ ಹೆಸರು ಪ್ರಾಥಮ್ಯದಿಂದ ಊರ್ಜಿತವಾಯಿತು. ೨೦೦೩ರಲ್ಲಿ ಅಂತರರಾಷ್ಟ್ರೀಯ ವಿದ್ವತ್ಸಮೂಹವೊಂದರ ಪರಿಷ್ಕೃತ ವರ್ಗೀಕರಣ ಇದನ್ನು ಸ್ವೀಕರಿಸಿತು. ಹೀಗೆ ಒಂಟೇರಿಯೊದ ಮರಳುದಿಬ್ಬದ ಮೇಲಿನ ಕುಬ್ಜ ಹ್ಯಾಕ್‌ಬೆರಿಯೂ ಘಟ್ಟದ ಕಾಡಿನ ನಮ್ಮ ಟ್ರೀಮವೂ ಗಾಂಜಾ ಗಿಡದ ಕುಟುಂಬಕ್ಕೆ ಸೇರಿದವು. ತಪಸಿ ಮಾತ್ರ ಎಲ್ಮ್ ಕುಟುಂಬದಲ್ಲಿಯೇ ಉಳಿಯಿತು.

ಎಲ್ಮನ್ನೂ ಸೆಲ್ಟಿಸನ್ನೂ ಲಿನೀಯಸನು ಮೊದಲೇ ಬೇರೆ ಇಟ್ಟಿದ್ದನಲ್ಲವೇ, ಆದ್ದರಿಂದ ಕೊನೆಗೆ ಅವನೇ ಗೆದ್ದನೆಂದು ಕೆಲವರು ಭಾವಿಸಬಹುದು. ಈ ಭಾವನೆ ಸರಿಯಲ್ಲ. ಅವನು ಬೇರ್ಪಡಿಸಿದ್ದು ಹೂವಿನ ಅಂಗಗಳ ಎಣಿಕೆಯಿಂದ. ಇಂದಿನವರು ಬೇರ್ಪಡಿಸುವುದು ವಂಶಸಂಬಂಧದಿಂದ. ಫಲಿತಾಂಶಗಳು ಒಂದೆಡೆ ಕೂಡಿದ ಮಾತ್ರಕ್ಕೆ ಪ್ರಮಾಣಗಳು ಒಂದೇ ಆಗುವುದಿಲ್ಲ.

೬

ಈ ಚರ್ಚೆಯೆಲ್ಲ ಪಂಡಿತರ ಕಾಲಹರಣವೆಂದು ಯಾರಾದರೂ ತಳ್ಳಿಹಾಕಬಹುದು. ಆದರೆ ಕೆನಡಾದಲ್ಲಿ ಈ ಹೆಸರಿನ ಮೇಲೆ ಒಂದು ಸಸ್ಯದ ಉಳಿವೇ ನಿಂತಿದೆ. ಆ ದೇಶದಲ್ಲಿ ಕುಬ್ಜ ಹ್ಯಾಕ್‌ಬೆರಿ ದಕ್ಷಿಣ ಒಂಟೇರಿಯೊದ ಕೆಲವೇ ಸ್ಥಳಗಳಲ್ಲಿ, ಈರೀ ಸರೋವರದ ಪಾಯಿಂಟ್ ಪೀಲಿ ಮತ್ತು ಪೀಲಿ ದ್ವೀಪಗಳಲ್ಲಿ, ಹ್ಯುರಾನ್ ಸರೋವರದ ತೀರದ ಮರಳುದಿಬ್ಬಗಳಲ್ಲಿ, ಬೆಲ್‌ವಿಲ್ ಬಳಿಯ ಸುಣ್ಣಕಲ್ಲಿನ ನೆಲದಲ್ಲಿ ಉಳಿದಿದೆ. ಅಪಾಯದಲ್ಲಿರುವ ಜೀವಿಗಳ ಸ್ಥಿತಿಯನ್ನು ನಿರ್ಣಯಿಸುವ ಅಲ್ಲಿನ ರಾಷ್ಟ್ರೀಯ ಸಮಿತಿ ೧೯೮೫ರಲ್ಲಿ ಇದನ್ನು ವಿಶೇಷ ಗಮನಕ್ಕೆ ಅರ್ಹವೆಂದೂ, ೨೦೦೩ರಲ್ಲಿ ಅಳಿವಿನ ಭೀತಿಗೆ ಒಳಗಾದುದೆಂದೂ ನಿರ್ಣಯಿಸಿತು. ಗ್ರೇಯ ಅಭಿಪ್ರಾಯವನ್ನು ಮುಂದೆ ಎಳೆದು, ಇವೆಲ್ಲ ಬಡ ನೆಲದಲ್ಲಿ ಗಿಡ್ಡಾದ ಆಕ್ಸಿಡೆಂಟಾಲಿಸ್ ಮರಗಳೇ ಎಂದು ತೀರ್ಮಾನಿಸಿದ್ದರೆ ಈ ರಕ್ಷಣೆಗೆ ಆಧಾರವೇ ಇರುತ್ತಿರಲಿಲ್ಲ. ಆಕ್ಸಿಡೆಂಟಾಲಿಸ್ ಅಮೆರಿಕದಲ್ಲಿ ವಿಶಾಲವಾಗಿ ಹರಡಿರುವ ಮರ. ಸಾಮಾನ್ಯವಾದ ಮರದ ಕುಳ್ಳು ಗಿಡಗಳನ್ನು ಯಾರೂ ಕಾಯುವುದಿಲ್ಲ.

ಈವರೆಗಿನ ಪರಿಶೀಲನೆಯಿಂದ ಮೂರು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ಹೆಸರಿನ 'ಅರ್ಥ'ದಿಂದ ವಸ್ತುವನ್ನು ಊಹಿಸಬಾರದು. ಹೆಸರು ಯಾವ ಮಾದರಿಗೆ ಸಂದಿತ್ತೆಂಬುದನ್ನು ಮೂಲದಲ್ಲಿ ನೋಡಬೇಕು. ಸಾರ್ಜೆಂಟನಂಥ ಪ್ರಾಜ್ಞನ ನಿರ್ಣಯವೂ ಈ ಪರೀಕ್ಷೆಗೆ ಒಳಪಡಲೇಬೇಕಾಯಿತು. ಎರಡನೆಯದಾಗಿ, ಕಣ್ಣಿಗೆ ಮೊದಲು ಬೀಳುವ ಲಕ್ಷಣ ಬಹುಮಟ್ಟಿಗೆ ಪರಿಸರಾಧೀನವಾದುದು. ನಿರ್ಣಯಕ್ಕೆ ಅದಕ್ಕಿಂತ ಸ್ಥಿರವಾದ ಲಕ್ಷಣವನ್ನು ಹುಡುಕಬೇಕು. ಮೂರನೆಯದಾಗಿ, ಪ್ರಭೇದದ ಪ್ರಶ್ನೆ ಬೇರೆ, ಕುಟುಂಬದ ಪ್ರಶ್ನೆ ಬೇರೆ. ೨೦೦೩ರಲ್ಲಿ ಕುಟುಂಬ ಬದಲಾದಾಗ ನಟಾಲನು ೧೮೧೮ರಲ್ಲಿ ಇಟ್ಟ ಹೆಸರಿಗೆ ಯಾವ ಚ್ಯುತಿಯೂ ಬರಲಿಲ್ಲ.

ಪುರ್ಶನು ೧೮೨೦ರಲ್ಲಿ ಮಾಂಟ್ರಿಯಲ್ಲಿನಲ್ಲಿಯೂ ನಟಾಲನು ೧೮೫೯ರಲ್ಲಿ ಇಂಗ್ಲೆಂಡಿನಲ್ಲಿಯೂ ತೀರಿಕೊಂಡರು. ಅವರ ಗಿಡಗಳ ನಿಜಸ್ವರೂಪವನ್ನು ಕುರಿತ ವಿಚಾರಣೆ ಅವರ ಕಾಲಾನಂತರವೂ ಮುಂದುವರಿದು, ಕಾಗದಕ್ಕೆ ಅಂಟಿಸಿದ ಒಣ ರೆಂಬೆಗಳನ್ನು ಯಾರೋ ಜೋಪಾನ ಮಾಡಿ ಇಟ್ಟಿದ್ದುದರಿಂದ ಸಾಧ್ಯವಾಯಿತು. ಮೂಲಸಾಮಗ್ರಿಯನ್ನು ಉಳಿಸಿಕೊಳ್ಳುವ ವಿದ್ಯಾಸಂಸ್ಥೆಗಳು ಮುಂದಿನ ಪೀಳಿಗೆಗೆ ಮಾಡುವ ಉಪಕಾರ ಎಂಥದೆಂಬುದಕ್ಕೆ ಈ ಸಣ್ಣ ಮರದ ಚರಿತ್ರೆ ಸಾಕಷ್ಟು ಪ್ರಮಾಣವಾಗಿದೆ.